ಓದುಗರ ಪ್ರಶ್ನೆ, ನಮ್ಮ ಉತ್ತರ: ಊರ ಸುದ್ದಿ ಬರೆಯುವ ಎಳೆಯರಿಗೆ

ಶಾಲೆಯ ಗೋಡೆ ಪತ್ರಿಕೆ, ಅರಿವು ಕೇಂದ್ರದ (ಗ್ರಾಮ ಪಂಚಾಯಿತಿ ಗ್ರಂಥಾಲಯದ) ಸುದ್ದಿಹಾಳೆ, ಸಮುದಾಯ ಬಾನುಲಿಯಲ್ಲಿ ಹದಿಹರೆಯದವರ ಕಾರ್ಯಕ್ರಮ. ಇವುಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಒಂದಾಗಿಸಿದ್ದೇವೆ.

ಪ್ರ: ಎಂಟು, ಒಂಬತ್ತನೇ ತರಗತಿಯ ಹದಿನೈದು ಮಕ್ಕಳ ತಂಡ ಕಟ್ಟಿದ್ದೇನೆ. ‘ನಿಮ್ಮ ಅನಿಸಿಕೆ ಬರೆಯಿರಿ’ ಎಂದರೆ ಎಲ್ಲರೂ ‘ಪರಿಸರ ಸಂರಕ್ಷಣೆ ನಮ್ಮೆಲ್ಲರ ಹೊಣೆ’ ಎಂದೇ ಬರೆದು ತರುತ್ತಾರೆ. ಅವರದೇ ಮಾತು ಹೊರಡಿಸುವುದು ಹೇಗೆ?
— ಪ್ರೌಢಶಾಲೆ ಶಿಕ್ಷಕಿ, ಪಾವಗಡ ತಾಲ್ಲೂಕು

ಉ: ‘ಅನಿಸಿಕೆ ಬರೆಯಿರಿ’ ಎಂದ ಕೂಡಲೇ ಮಕ್ಕಳಿಗೆ ಪರೀಕ್ಷೆಯ ಪ್ರಬಂಧ ಕಣ್ಣಿಗೆ ಕಟ್ಟುತ್ತದೆ: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಅಲ್ಲಿ ಅಂಕ ಬೀಳುವುದು ಎಲ್ಲರೂ ಒಪ್ಪುವ ಮಾತಿಗೆ. ಅದನ್ನೇ ಅವರು ನಿಮಗೂ ಕೊಡುತ್ತಿದ್ದಾರೆ. ವಿಷಯ ಕೊಡುವುದನ್ನು ಬಿಟ್ಟು ಜಾಗ ಕೊಟ್ಟು ನೋಡಿ.

ಇಬ್ಬಿಬ್ಬರ ಜೋಡಿ ಮಾಡಿ, ಒಂದು ಜೋಡಿಗೆ ಒಂದು ಜಾಗ: ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಬಸ್ ಸ್ಟಾಂಡ್, ಅಂಗನವಾಡಿ, ಕುಡಿಯುವ ನೀರಿನ ಘಟಕ. ಅರ್ಧ ಗಂಟೆ ಅಲ್ಲೇ ನಿಂತು ನೋಡಿ ಬರಲಿ. ನೋಟ್‌ಬುಕ್ಕಿನ ಪುಟಕ್ಕೆ ಎರಡು ಉದ್ದಗೆರೆ ಎಳೆದರೆ ಮೂರು ಕಾಲಂ ಆಯಿತು: ಕಂಡದ್ದು, ಕೇಳಿದ್ದು, ಅನಿಸಿದ್ದು. ಮೊದಲ ಎರಡು ತುಂಬುವ ತನಕ ಮೂರನೆಯದಕ್ಕೆ ಪೆನ್ನು ಇಡುವಂತಿಲ್ಲ. ‘ಕೇಳಿದ್ದು’ ಕಾಲಂನಲ್ಲಿ ಯಾರು ಹೇಳಿದರು ಎಂಬುದೂ ಇರಬೇಕು; ಹೆಸರು ಬೇಡವೆಂದವರಿಗೆ ವಯಸ್ಸು, ಕಸುಬು ಸಾಕು.

ನಿಮ್ಮ ತಾಲ್ಲೂಕಿನ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಹಳೆಯ ಗೋಳು. ಹಾಗಾಗಿ ಶುದ್ಧ ನೀರಿನ ಘಟಕವನ್ನೇ ಮಾದರಿಗೆ ಹಿಡಿಯೋಣ. ಅಲ್ಲಿ ನಿಂತ ಜೋಡಿ ಏನೇನು ಬರೆದುಕೊಳ್ಳಬಹುದು? 20 ಲೀಟರ್ ಕ್ಯಾನ್ ತುಂಬಲು ಎಷ್ಟು ನಿಮಿಷ (ಫೋನಿನ ಸ್ಟಾಪ್‌ವಾಚ್ ಇಟ್ಟು ಮೂರು ಸಲ ನೋಡಬೇಕು). ಕ್ಯಾನಿಗೆ ಫಲಕದಲ್ಲಿ ಬರೆದ ದರ ಎಷ್ಟು, ಕೈಗೆ ತೆಗೆದುಕೊಳ್ಳುವುದು ಎಷ್ಟು. ನಾಣ್ಯದ ಪೆಟ್ಟಿಗೆ ನಡೆಯುತ್ತಿದೆಯೇ. ಫಿಲ್ಟರ್, ಮೆಂಬ್ರೇನ್ ಕೊನೆಗೆ ಬದಲಿಸಿದ್ದು ಯಾವಾಗ. ನಿರ್ವಹಣೆ ಪಂಚಾಯಿತಿಯದೋ ಏಜೆನ್ಸಿಯದೋ. ಎಷ್ಟು ಜನ ಬಂದರು, ಎಷ್ಟು ಜನ ಖಾಲಿ ಕ್ಯಾನ್ ಹಿಡಿದು ವಾಪಸ್ ಹೋದರು. ಘಟಕ ಹೊರಬಿಡುವ ವೇಸ್ಟ್ ನೀರು ಎಲ್ಲಿಗೆ ಹರಿಯುತ್ತಿದೆ.

ಇಲ್ಲೊಂದು ಕಡೆ ಮಕ್ಕಳೂ ಎಡವುತ್ತಾರೆ, ದೊಡ್ಡವರೂ ಎಡವುತ್ತಾರೆ. ಟಿಡಿಎಸ್ ಮೀಟರ್ ಅಗ್ಗಕ್ಕೆ ಸಿಗುತ್ತದೆ. ಅದನ್ನು ಲೋಟದಲ್ಲಿ ಅದ್ದಿ ‘300 ಬಂತು, ನೀರು ಚೆನ್ನಾಗಿದೆ’ ಎಂದು ಬರೆದುಬಿಡುತ್ತಾರೆ. ಆ ಮೀಟರ್ ಅಳೆಯುವುದು ನೀರು ಎಷ್ಟು ವಿದ್ಯುತ್ ಹಾಯಗೊಡುತ್ತದೆ ಎಂಬುದನ್ನು. ಅದರಿಂದ ಕರಗಿರುವ ಒಟ್ಟು ಲವಣದ ಅಂದಾಜು ತೋರಿಸುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು, ರೋಗಾಣು ಇದೆಯೇ ಇಲ್ಲವೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 2000ದ ತನಕ ನಡೆಯುತ್ತದೆ. ಫ್ಲೋರೈಡ್‌ಗೆ ಇವೇ ಎರಡು ಮಿತಿ 1.0 ಮತ್ತು 1.5 ಮಿಲಿಗ್ರಾಂ. ಟಿಡಿಎಸ್ 300 ಇರುವ ನೀರಿನಲ್ಲೂ ಫ್ಲೋರೈಡ್ 2 ಇರಬಹುದು ಎಂದಾಯಿತು. ಫ್ಲೋರೈಡ್ ನೋಡಲು ಜಲಜೀವನ್ ಮಿಷನ್ ಅಡಿ ಊರಿಗೆ ಕೊಟ್ಟಿರುವ ಪರೀಕ್ಷಾ ಕಿಟ್ ಇದೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ. ಅದನ್ನು ಬಳಸಲು ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಡುವ ಏರ್ಪಾಡೂ ಆ ಯೋಜನೆಯಲ್ಲಿದೆ. ನಿಖರವಾಗಿ ಬೇಕೆಂದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದ ವರದಿ ಬೇಕು. ಕಿಟ್ಟಿನಲ್ಲಿ ಬಣ್ಣ ನೋಡಿ ತಿಳಿದದ್ದನ್ನು ‘ಕಿಟ್ ಪರೀಕ್ಷೆಯಲ್ಲಿ ಕಂಡಂತೆ’ ಎಂದೇ ಬರೆಸಿ.

ಈಗ ಬರವಣಿಗೆ. ಮೊದಲ ಕರಡು ಹೀಗಿರುತ್ತದೆ: ‘ನೀರು ಜೀವಜಲ. ನಮ್ಮೂರ ಘಟಕ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಅಧಿಕಾರಿಗಳು ಎಚ್ಚೆತ್ತುಕೊಳ್ಳಬೇಕು.’ ಕಂಡದ್ದು, ಕೇಳಿದ್ದು ತುಂಬಿದ ಮೇಲೆ ಅದೇ ಹುಡುಗಿ ಬರೆಯಬಹುದಾದದ್ದು ಹೀಗೆ (ಅಂಕಿಗಳು ಮಾದರಿಗಷ್ಟೇ): ‘ಸೋಮವಾರ ಸಂಜೆ 5 ಗಂಟೆಗೆ ಘಟಕದ ಮುಂದೆ 14 ಕ್ಯಾನ್ ಸಾಲಿನಲ್ಲಿದ್ದವು. ಒಂದು ಕ್ಯಾನ್ ತುಂಬಲು 4 ನಿಮಿಷ ಹಿಡಿಯಿತು. ಐದೂವರೆಗೆ 7 ಕ್ಯಾನ್ ತುಂಬಿತ್ತು. ಸಾಲಿನಲ್ಲಿದ್ದ 14 ಜನರಲ್ಲಿ 11 ಜನ ಹುಡುಗಿಯರು, ಹೆಂಗಸರು. ನಮ್ಮ ಟ್ಯೂಷನ್ ಶುರುವಾಗುವುದೂ 5ಕ್ಕೇ. ಘಟಕವನ್ನು ಬೆಳಗ್ಗೆ 6ಕ್ಕೆ ತೆರೆದರೆ ನಾವು ಟ್ಯೂಷನ್ ತಪ್ಪಿಸಬೇಕಿಲ್ಲ.’

ಕೊನೆಯ ವಾಕ್ಯ ಅಭಿಪ್ರಾಯ. ಅದನ್ನು ಆ ಸಾಲಿನಲ್ಲಿ ನಿಂತವಳೇ ಹೇಳಬಲ್ಲಳು. ಪಂಚಾಯಿತಿಯವರು ‘ಆಯಿತು’ ಅನ್ನಬೇಕು ಇಲ್ಲವೇ ಏಕಾಗದು ಎಂದು ಹೇಳಬೇಕು, ಸುಮ್ಮನೆ ತಲೆಯಾಡಿಸಿ ಕಳಿಸಲಾಗದು. ನೀವು ಕೇಳುತ್ತಿರುವ ‘ಅವರದೇ ಮಾತು’ ಇಂಥದು.

ಇನ್ನೊಂದು. ಹದಿನೈದು ಮಂದಿಯನ್ನು ಒಟ್ಟಿಗೆ ಕೂರಿಸಬೇಡಿ. ಐದೈದರ ಮೂರು ಗುಂಪು ಮಾಡಿ, ಸುದ್ದಿ ತರುವುದು, ತಿದ್ದುವುದು, ಬರೆದು ಅಂಟಿಸುವುದು ಸಂಚಿಕೆಯಿಂದ ಸಂಚಿಕೆಗೆ ಸರದಿಯಲ್ಲಿ ಬದಲಾಗಲಿ. ಸರದಿ ಇಲ್ಲದಿದ್ದರೆ ಮೂರನೇ ಸಂಚಿಕೆಯ ಹೊತ್ತಿಗೆ ಹುಡುಗರು ಊರು ಸುತ್ತುತ್ತಿರುತ್ತಾರೆ, ಅಕ್ಷರ ದುಂಡಗಿರುವ ಹುಡುಗಿಯರು ಕೂತು ನಕಲು ಮಾಡುತ್ತಿರುತ್ತಾರೆ.

ಪ್ರ: ನಮ್ಮ ಅರಿವು ಕೇಂದ್ರದಲ್ಲಿ ಮಕ್ಕಳಿಂದ ಗೋಡೆ ಪತ್ರಿಕೆ ಮಾಡಿಸಬೇಕು. ಒಂದು ಸಂಚಿಕೆ ಹಚ್ಚಿದೆವು. ಯಾರೂ ಓದಲಿಲ್ಲ, ಮಳೆಗೆ ಬಣ್ಣವೂ ಇಳಿದುಹೋಯಿತು. ಅಳತೆ, ಸಾಮಾನು, ಜಾಗ ಹೇಗಿರಬೇಕು?
— ಗ್ರಾಮ ಪಂಚಾಯಿತಿ ಗ್ರಂಥಾಲಯ ಮೇಲ್ವಿಚಾರಕರು, ಕುಂದಾಪುರ ತಾಲ್ಲೂಕು

ಉ: ನಿಮ್ಮ ತಾಲ್ಲೂಕಿನಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿಗಳು ನಡೆದಿವೆ; ದುಡಿಯುವ ಮಕ್ಕಳ ಭೀಮ ಸಂಘ ‘ಭೀಮ ಪತ್ರಿಕೆ’ ಎಂಬ ಗೋಡೆ ಪತ್ರಿಕೆಯನ್ನೇ ತಂದಿತ್ತು. ಊರಿನ ಹಿರಿಯರಲ್ಲಿ ಆಗ ಬರೆದವರು ಸಿಕ್ಕರೂ ಸಿಕ್ಕಾರು, ವಿಚಾರಿಸಿ.

ಯಾರೂ ಓದದ್ದಕ್ಕೆ ಬಹುಮಟ್ಟಿಗೆ ಕಾರಣ ಅಕ್ಷರದ ಗಾತ್ರ. ಅಂಗಡಿಯಲ್ಲಿ ಸಿಗುವ ಪೂರ್ತಿ ಚಾರ್ಟ್ ಹಾಳೆ ಸುಮಾರು 22×28 ಇಂಚು. ಮೂರು ಅಡಿ ದೂರದಿಂದ ಓದಬೇಕಾದರೆ ಅಕ್ಷರ 8ರಿಂದ 10 ಮಿಲಿಮೀಟರ್ ಎತ್ತರ ಇರಬೇಕು. ಕೆಳಗೆ ಒತ್ತಕ್ಷರ, ಮೇಲೆ ಗುಣಿಸು ಬರುವುದರಿಂದ ಸಾಲಿನಿಂದ ಸಾಲಿಗೆ 2 ಸೆಂಟಿಮೀಟರ್ ಬಿಡಬೇಕು. ಈ ಲೆಕ್ಕದಲ್ಲಿ ಪತ್ರಿಕೆಯ ಹೆಸರು, ತಲೆಬರಹ, ಅಂಚು ಕಳೆದರೆ ಒಂದು ಹಾಳೆಗೆ ಹಿಡಿಯುವುದು ಸುಮಾರು 200 ಪದ. ಚಿತ್ರ ಇದ್ದರೆ 150. ಮಕ್ಕಳು 500 ಪದದ ಲೇಖನ ತಂದು ಸಣ್ಣಕ್ಷರದಲ್ಲಿ ತುರುಕಿದರೆ ಓದಲು ಮೂಗು ತಾಗಿಸಿ ನಿಲ್ಲಬೇಕು, ಯಾರೂ ನಿಲ್ಲುವುದಿಲ್ಲ. ನಾಲ್ಕು ಹಾಳೆ ಜೋಡಿಸಿ, ಒಂದೊಂದರಲ್ಲಿ 60ರಿಂದ 100 ಪದದ ಎರಡು ಬರಹ ಇಡಿ. ಹಾಳೆಗೆ ಎರಡು ಕಾಲಂ ಸಾಕು. ಮೂರು ಮಾಡಿದರೆ ಕನ್ನಡದ ಉದ್ದ ಪದಗಳು ಸಾಲಿನ ಕೊನೆಯಲ್ಲಿ ಮುರಿದು ಓದು ತಡವರಿಸುತ್ತದೆ.

ಬಣ್ಣ ಇಳಿದದ್ದು ಸ್ಕೆಚ್ ಪೆನ್ನಿನಿಂದ. ಅದರ ಶಾಯಿ ನೀರಿನಲ್ಲಿ ಕರಗುತ್ತದೆ. ಬಿಸಿಲಿಗೂ ತಡೆಯದು, ಕೆಂಪು, ಗುಲಾಬಿ ಮೊದಲು ಮಾಸುತ್ತವೆ. ಪಠ್ಯಕ್ಕೆ ಕಪ್ಪು ಪರ್ಮನೆಂಟ್ ಮಾರ್ಕರ್, ತಲೆಬರಹಕ್ಕೆ ನೀಲಿ. ಬರೆಯುವಾಗ ಅಡಿಯಲ್ಲಿ ಹಳೆ ಪೇಪರ್ ಹಾಸಿರಿ, ಶಾಯಿ ಹಿಂದಕ್ಕೆ ಸೋರುತ್ತದೆ. ಸಾಲು ನೇರ ಬರಲು ಪೆನ್ಸಿಲ್ ಗೆರೆ ಎಳೆದು ಬರೆದು, ಮಾರ್ಕರ್ ಪೂರ್ತಿ ಒಣಗಿದ ಮೇಲೆ ಗೆರೆ ಅಳಿಸಬೇಕು.

ಹಾಳೆಯನ್ನು ನೇರ ಗೋಡೆಗೆ ಅಂಟಿಸಲೇಬೇಡಿ. ಮೈದಾ ಅಂಟು ಹಚ್ಚಿದರೆ ಬೀದಿ ದನ, ಆಡುಗಳು ಕೆಳಗಿನ ಅರ್ಧವನ್ನು ತಿಂದು ಮುಗಿಸುತ್ತವೆ. ಮಳೆಗಾಲದಲ್ಲಿ ಅದಕ್ಕೇ ಬೂಷ್ಟು ಬರುತ್ತದೆ. 4×3 ಅಡಿಯ ಪ್ಲೈವುಡ್ ಹಲಗೆ ಮಾಡಿಸಿದರೆ ಎರಡು ಹಾಳೆ ಪಕ್ಕಪಕ್ಕ ಹಿಡಿಯುತ್ತದೆ, ನಾಲ್ಕು ಹಾಳೆಗೆ ಅಂಥ ಎರಡು ಹಲಗೆ. ಗುಂಡುಪಿನ್ನಿನಲ್ಲಿ ಚುಚ್ಚಿ, ಮೇಲೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಇಳಿಬಿಡಿ. ಪ್ಲಾಸ್ಟಿಕ್ಕಿನ ಮೇಲಂಚು ಮಾತ್ರ ಮೊಳೆಗೆ ಸಿಗಲಿ, ಕೆಳಗೆ ಬಿಡಿಯಾಗಿರಲಿ. ನಾಲ್ಕೂ ಕಡೆ ಬಿಗಿದರೆ ಒಳಗೆ ಹಬೆ ಕಟ್ಟಿ ಹಾಳೆ ಒದ್ದೆಯಾಗುತ್ತದೆ. ಹಾಳೆಯ ನಡುಮಧ್ಯ ನೆಲದಿಂದ ನಾಲ್ಕೂವರೆ ಅಡಿಗೆ ಬರಲಿ, ಮಕ್ಕಳಿಗೂ ದೊಡ್ಡವರಿಗೂ ಕಣ್ಣಿಗೆ ಸಿಗುತ್ತದೆ.

ಜಾಗದ ವಿಷಯದಲ್ಲಿ ನಮ್ಮದು ಒಂದೇ ಮಾತು: ಜನ ಕಾಯುವ ಕಡೆ ಹಾಕಿ. ಗ್ರಂಥಾಲಯದ ಒಳಗೆ ಹಾಕಿದರೆ ಹೇಗೂ ಓದುವವರೇ ಓದುತ್ತಾರೆ. ಹಾಲಿನ ಡೈರಿಯಲ್ಲಿ ದಿನಕ್ಕೆ ಎರಡು ಹೊತ್ತು ಜನ ಕ್ಯಾನ್ ಹಿಡಿದು ನಿಲ್ಲುತ್ತಾರೆ, ರೇಷನ್ ಅಂಗಡಿಯಲ್ಲಿ ತಿಂಗಳಿಗೊಮ್ಮೆ ಗಂಟೆಗಟ್ಟಲೆ. ಸೂರಿನಡಿ ಗೋಡೆ ಅಲ್ಲೇ ಇರುತ್ತದೆ. ಕಟ್ಟಡ ಯಾರದೋ ಅವರಿಂದ ಒಂದು ಚೀಟಿ ಬರೆಸಿಕೊಳ್ಳಿ. ಸಾರ್ವಜನಿಕ ಸ್ಥಳಗಳ ಅಂದ ಕೆಡಿಸುವುದನ್ನು ತಡೆಯುವ 1981ರ ರಾಜ್ಯ ಕಾಯ್ದೆಯ ಮಾತೆತ್ತಿ ಯಾರಾದರೂ ತಕರಾರು ಮಾಡಿದರೆ ಮಕ್ಕಳು ತೋರಿಸಲು ಒಂದು ಕಾಗದ ಇರಲಿ.

ಹದಿನೈದು ದಿನಕ್ಕೊಂದು ಸಂಚಿಕೆ ಸಾಕು. ಹಳೆಯದನ್ನು ತೆಗೆಯುವಾಗ ಫೋನಿನಲ್ಲಿ ಫೋಟೊ ಹೊಡೆದು, ಹಿಂಬದಿಗೆ ದಿನಾಂಕ ಬರೆದು ಸುತ್ತಿಡಿ. ಹಲಗೆಯ ಪಕ್ಕ ದಾರದಲ್ಲಿ ಪೆನ್ನು ಕಟ್ಟಿ ಒಂದು ಖಾಲಿ ಹಾಳೆ ಬಿಟ್ಟರೆ ಓದುಗರ ಪತ್ರ ಅಲ್ಲೇ ಸಿಗುತ್ತದೆ. ಪೆನ್ನು ವಾರಕ್ಕೊಂದು ಕಳೆದುಹೋಗುತ್ತದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಪ್ರ: ನಾವು ಪದವಿ ಕಾಲೇಜಿನ ಆರು ಜನ. ಊರಿನ ಗ್ರಂಥಾಲಯಕ್ಕೆ ಪುಸ್ತಕ ಖರೀದಿಯಾಗಿದೆಯೇ ಎಂದು ಕೇಳಲು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಹೋದರೆ ‘ನೀವ್ಯಾರು ಕೇಳೋಕೆ’ ಎಂದರು. ಆರ್‌ಟಿಐ ಹಾಕಬಹುದೇ? ಹದಿನೆಂಟು ತುಂಬದ ತಂಗಿ, ತಮ್ಮಂದಿರೂ ಹಾಕಬಹುದೇ?
— ವಿದ್ಯಾರ್ಥಿನಿ, ಹೊಸಪೇಟೆ

ಉ: ಹಾಕಬಹುದು. ಆದರೆ ಅದು ಮೊದಲ ಹೆಜ್ಜೆಯಾಗದಿರಲಿ. ಮೊದಲು ಗ್ರಾಮಸಭೆಯ ನಡಾವಳಿ ಓದಿ, ಪಂಚಾಯಿತಿಯ ಲೆಕ್ಕಪತ್ರವನ್ನು ಜನರ ಮುಂದಿಡಲು ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಕೂತು ಲೆಕ್ಕ ಕೇಳಿ. ಚಿಕ್ಕವರಿಗಾದರೆ ಮಕ್ಕಳ ಗ್ರಾಮಸಭೆ ಇದೆ, ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ನಡೆಯುತ್ತದೆ. ಅಲ್ಲಿಗೆ ಹೋಗುವ ಮೊದಲು ಕಳೆದ ವರ್ಷದ ಮಕ್ಕಳ ಗ್ರಾಮಸಭೆಯ ನಡಾವಳಿಯ ಪ್ರತಿ ಪಡೆದು, ಮಕ್ಕಳು ಆಗ ಕೇಳಿದ್ದು ಏನು, ಅದರಲ್ಲಿ ಆದದ್ದು ಏನು ಎಂದು ಎರಡು ಪಟ್ಟಿ ಮಾಡಿದರೆ ಅದೇ ಮುಖಪುಟದ ಸುದ್ದಿ. ಈ ಕೆಲಸವನ್ನು ಯಾವ ಜಿಲ್ಲಾ ಪತ್ರಿಕೆಯೂ ನಿಮಗಾಗಿ ಮಾಡಿಕೊಡುವುದಿಲ್ಲ.

ಮಾಹಿತಿ ಹಕ್ಕು ಕಾಯ್ದೆ, 2005 ಹಕ್ಕು ಕೊಟ್ಟಿರುವುದು ಎಲ್ಲ ನಾಗರಿಕರಿಗೆ. ವಯಸ್ಸಿನ ಮಿತಿ ಹಾಕಿಲ್ಲ. ‘ನೀವ್ಯಾರು’ ಎಂಬುದಕ್ಕೆ ಉತ್ತರ ಕಲಂ 6(2)ರಲ್ಲಿದೆ: ಮಾಹಿತಿ ಏಕೆ ಬೇಕು ಎಂದು ಅರ್ಜಿದಾರರು ಹೇಳಬೇಕಿಲ್ಲ. ಆದರೂ ಅರ್ಜಿಗೆ ವಿಳಾಸ ಹಾಕಬೇಕಾಗುವುದರಿಂದ ಚಿಕ್ಕವರ ಬದಲು ನಿಮ್ಮಲ್ಲಿ ಹದಿನೆಂಟು ದಾಟಿದವರೇ ಸಹಿ ಹಾಕುವುದು ಒಳ್ಳೆಯದು.

ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ, ಶುಲ್ಕ 10 ರೂಪಾಯಿ. ಹೆಚ್ಚಿನವರು ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಲಗತ್ತಿಸುತ್ತಾರೆ. ಅದರ ಸಂಖ್ಯೆಯನ್ನು ಅರ್ಜಿಯಲ್ಲೂ ಬರೆಯಿರಿ. ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಎದ್ದು ಬರಬೇಡಿ.

ಅರ್ಜಿ ಕೆಡುವುದು ಪ್ರಶ್ನೆಯಲ್ಲಿ. ‘ಗ್ರಂಥಾಲಯಕ್ಕೆ ಪುಸ್ತಕ ಏಕೆ ಕೊಂಡಿಲ್ಲ?’ ಎಂದರೆ ‘ಇದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಅದು ಸರಿಯೂ ಹೌದು. ಕಾಯ್ದೆ ಕೊಡಿಸುವುದು ಕಚೇರಿಯಲ್ಲಿ ಇರುವ ದಾಖಲೆಯನ್ನು. ಹೀಗೆ ಕೇಳಿ: ‘2024-25ನೇ ಸಾಲಿನಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಪುಸ್ತಕ ಖರೀದಿಸಿದ ಬಿಲ್ಲು, ವೋಚರ್ ಮತ್ತು ದಾಸ್ತಾನು ವಹಿಯ ಸಂಬಂಧಪಟ್ಟ ಪುಟಗಳ ದೃಢೀಕೃತ ಪ್ರತಿ ಒದಗಿಸಿ.’ ಖರೀದಿಯೇ ಆಗಿಲ್ಲದಿದ್ದರೆ ಆ ಮಾತೂ ಬರವಣಿಗೆಯಲ್ಲೇ ಬರುತ್ತದೆ, ಸುದ್ದಿಗೆ ಅದೂ ಸಾಕು.

ಉತ್ತರಕ್ಕೆ 30 ದಿನ. ಬಾರದಿದ್ದರೆ, ಅಥವಾ ಬಂದದ್ದು ಅರೆಬರೆ ಆಗಿದ್ದರೆ, ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಗ್ರಾಮ ಪಂಚಾಯಿತಿಯ ಪ್ರಕರಣ ಸಾಮಾನ್ಯವಾಗಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಯ ಮುಂದೆ ಹೋಗುತ್ತದೆ. ಅದಾದ ಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಆಯೋಗದವರೆಗೆ ಹೋದರೆ ಬಹಳ ಕಾಯಬೇಕಾಗುತ್ತದೆ, ಅಷ್ಟು ಹೊತ್ತಿಗೆ ನೀವು ಡಿಗ್ರಿ ಮುಗಿಸಿರುತ್ತೀರಿ. ಆದ್ದರಿಂದ ಅರ್ಜಿಯ ಕಡತವನ್ನು ಕಿರಿಯ ತಂಡಕ್ಕೆ ದಾಟಿಸುವ ಏರ್ಪಾಡು ಈಗಲೇ ಮಾಡಿಕೊಳ್ಳಿ.

ಪ್ರ: ಹತ್ತಿರದ ಸಮುದಾಯ ಬಾನುಲಿಯವರು ನಮ್ಮ ಮಕ್ಕಳಿಗೆ ವಾರಕ್ಕೆ 5 ನಿಮಿಷ ಕೊಡುತ್ತಾರಂತೆ. ಸುದ್ದಿ ಓದಬಾರದು ಎಂದಿದ್ದಾರೆ. ಹಾಗಾದರೆ ಏನು ಹೇಳುವುದು? ಫೋನಿನಲ್ಲೇ ರೆಕಾರ್ಡ್ ಮಾಡಿದರೆ ನಡೆಯುತ್ತದೆಯೇ?
— ಯುವಕ ಸಂಘದ ಕಾರ್ಯದರ್ಶಿ, ಎಚ್.ಡಿ. ಕೋಟೆ ತಾಲ್ಲೂಕು

ಉ: ಬಾನುಲಿಯವರು ಹೇಳಿದ್ದು ಸರಿ. ಆಕಾಶತರಂಗಗಳು ಸಾರ್ವಜನಿಕ ಸ್ವತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2002ರಲ್ಲಿ ವಿದ್ಯಾಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆಯಿತು. ಸುದ್ದಿ ಮತ್ತು ಪ್ರಚಲಿತ ವಿದ್ಯಮಾನದ ಬೀಗ ಮಾತ್ರ ಹಾಗೇ ಉಳಿದಿದೆ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆ ಮರುಪ್ರಸಾರ ಮಾಡಬಹುದು, ಸ್ವಂತ ವಾರ್ತೆ ಓದುವಂತಿಲ್ಲ. ಈ ನಿರ್ಬಂಧ ಅತಿಯಾಯಿತು ಎಂಬುದು ನಮ್ಮ ಅಭಿಪ್ರಾಯ, ಆದರೆ ಮುರಿದರೆ ಪರವಾನಗಿಗೆ ಕುತ್ತು ಬರುವುದು ಆ ಕೇಂದ್ರಕ್ಕೆ, ನಿಮಗಲ್ಲ.

ಉಳಿದ ಜಾಗ ಸಣ್ಣದೇನಲ್ಲ. ಹವಾಮಾನ, ಊರ ಹಬ್ಬ ಜಾತ್ರೆ, ಆಟೋಟದ ಮಾಹಿತಿ, ಪರೀಕ್ಷೆ, ಪ್ರವೇಶ, ಫಲಿತಾಂಶ, ಉದ್ಯೋಗದ ಅವಕಾಶ, ನೀರು, ಕರೆಂಟು, ಆರೋಗ್ಯದ ಬಗ್ಗೆ ಸ್ಥಳೀಯ ಆಡಳಿತ ಕೊಟ್ಟ ಪ್ರಕಟಣೆ ಇವು ‘ಸುದ್ದಿ’ಯ ಲೆಕ್ಕಕ್ಕೆ ಬರುವುದಿಲ್ಲ. ಅನುಭವ ಕಥನಕ್ಕೂ ಅಡ್ಡಿಯಿಲ್ಲ. ‘ಬಸ್ ಬಿಡದ ಸಾರಿಗೆ ಇಲಾಖೆಯ ವೈಫಲ್ಯ’ ಎನ್ನಲು ಹೋಗದೆ, ಆದಿವಾಸಿ ಹಾಡಿಯಿಂದ ಕಾಲೇಜಿಗೆ ಹೋಗುವ ಹುಡುಗಿಯ ಒಂದು ಬೆಳಗ್ಗೆಯನ್ನು ಅವಳ ದನಿಯಲ್ಲೇ ಕೇಳಿಸಿ. ನಿಮ್ಮ ಪಕ್ಕದ ಸರಗೂರಿನ ಜನಧ್ವನಿ 90.8, ಮಂಗಳೂರಿನ ಸಾರಂಗ್ 107.8 ಕೇಳಿ ನೋಡಿ. ಊರಿನವರ ದನಿ ಕಾರ್ಯಕ್ರಮದೊಳಗೆ ಹೇಗೆ ಬರುತ್ತದೆ ಎಂದು ಗಮನಿಸಿ.

ಫೋನು ಸಾಕು. ಹೊರಡುವ ಮೊದಲು ಏರೋಪ್ಲೇನ್ ಮೋಡ್. ಇಲ್ಲದಿದ್ದರೆ ಒಳ್ಳೆ ಮಾತಿನ ನಡುವೆ ಕರೆ ಬಂದು ರೆಕಾರ್ಡಿಂಗ್ ನಿಲ್ಲುತ್ತದೆ. ಫೋನಿನ ಮೈಕ್ ಇರುವುದು ಸಾಮಾನ್ಯವಾಗಿ ಕೆಳಂಚಿನ ಸಣ್ಣ ರಂಧ್ರದಲ್ಲಿ. ಅದನ್ನು ಮಾತಾಡುವವರ ಬಾಯಿಯಿಂದ ಒಂದು ಗೇಣಿಗಿಂತ ಸ್ವಲ್ಪ ಹತ್ತಿರ, ತುಸು ಪಕ್ಕಕ್ಕೆ ಹಿಡಿಯಿರಿ. ನೇರ ಎದುರಿಗೆ ಹಿಡಿದರೆ ಪ, ಬ, ಭ ಬಂದಾಗಲೆಲ್ಲ ಉಸಿರು ಬಡಿದು ‘ಧಪ್’ ಎನ್ನುತ್ತದೆ. ಫ್ಯಾನ್ ನಿಲ್ಲಿಸಿ. ಖಾಲಿ ತರಗತಿಯ ಸಿಮೆಂಟ್ ಗೋಡೆ ದನಿಯನ್ನು ಬಾವಿಯೊಳಗಿನಂತೆ ಮಾಡುತ್ತದೆ. ಹಾಸಿಗೆ, ಬಟ್ಟೆ ತುಂಬಿದ ಮನೆಕೋಣೆ ಎಷ್ಟೋ ಮೇಲು. ಮೊದಲ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೇಳಿ, ಆಮೇಲೆ ಮುಂದುವರಿಯಿರಿ. ಮಾತು ಮುಗಿದ ಮೇಲೆ ಯಾರೂ ಮಾತಾಡದೆ ಆ ಜಾಗದ ಸದ್ದನ್ನೇ 30 ಸೆಕೆಂಡ್ ಹಿಡಿದಿಡಿ. ಎಡಿಟ್ ಮಾಡುವಾಗ ಎರಡು ತುಂಡುಗಳ ನಡುವೆ ಹಾಕಲು ಅದು ಬೇಕಾಗುತ್ತದೆ, ಇಲ್ಲದಿದ್ದರೆ ಕತ್ತರಿಸಿದ ಜಾಗ ಕಿವಿಗೆ ರಾಚುತ್ತದೆ.

ಕನ್ನಡದಲ್ಲಿ ನಿಧಾನವಾಗಿ ಓದಿದರೆ ನಿಮಿಷಕ್ಕೆ ಸುಮಾರು 100 ಪದ. ಶೀರ್ಷಿಕೆ ಸಂಗೀತ, ಪರಿಚಯ ಕಳೆದರೆ 5 ನಿಮಿಷಕ್ಕೆ ನಿಮಗೆ ಸಿಗುವುದು 400. ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಲಗತ್ತಿಸಿ. ವಾಟ್ಸ್‌ಆ್ಯಪ್‌ನ ಮೈಕ್ ಒತ್ತಿ ವಾಯ್ಸ್ ಮೆಸೇಜ್ ಆಗಿಯೇ ರೆಕಾರ್ಡ್ ಮಾಡಿ ಕಳಿಸಿದರೆ ದನಿ ಹಿಂಡಿದಂತಾಗಿರುತ್ತದೆ, ಬಾನುಲಿಯವರು ಏನೂ ಮಾಡಲಾರರು.

ಪ್ರ: ತರಗತಿಯ ಹುಡುಗಿಗೆ ಮದುವೆ ಗೊತ್ತಾಗಿದೆ ಎಂದು ನನ್ನ ಮಗ ಗೋಡೆ ಪತ್ರಿಕೆಗೆ ಬರೆದಿದ್ದಾನೆ. ಹೆಸರು ಹಾಕಿಲ್ಲ. ಹಾಕಬಹುದೇ?
— ತಾಯಿ, ಕೊಪ್ಪಳ ಜಿಲ್ಲೆ

ಉ: ಬೇಡಮ್ಮ. ಇದು ಬರೆಯುವ ವಿಷಯ ಆಗುವ ಮೊದಲು ತಡೆಯುವ ವಿಷಯ. ಹುಡುಗಿಗೆ 18 ತುಂಬಿಲ್ಲದಿದ್ದರೆ ಈ ದಿನವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರೆ ದೊಡ್ಡವರಾದ ನೀವು ಮಾಡಿ, ಮಗನಿಂದ ಮಾಡಿಸಬೇಡಿ. ಪತ್ರಿಕೆ ಮೊದಲು ಗೋಡೆಗೇರಿದರೆ ಮದುವೆ ಬೇರೆ ಊರಿಗೆ, ಬೇರೆ ದಿನಕ್ಕೆ ಸದ್ದಿಲ್ಲದೆ ಸರಿಯುತ್ತದೆ, ಆ ಹುಡುಗಿಯ ಶಾಲೆ ಅಂದೇ ನಿಲ್ಲುತ್ತದೆ.

ಹೆಸರು ಹಾಕಿಲ್ಲ ಎಂಬುದು ಊರಿನಲ್ಲಿ ಏನನ್ನೂ ಮುಚ್ಚುವುದಿಲ್ಲ. ‘ಒಂಬತ್ತನೇ ತರಗತಿ, ಅಪ್ಪ ಟೈಲರ್’ ಎಂದರೆ ಊರಿಗೆಲ್ಲ ಗೊತ್ತಾಯಿತು. ಕಾನೂನೂ ಹೆಸರಿಗಷ್ಟೇ ನಿಂತಿಲ್ಲ. ಬಾಲನ್ಯಾಯ ಕಾಯ್ದೆ, 2015ರ ಕಲಂ 74 ಕಾನೂನಿನೊಡನೆ ಸಂಘರ್ಷಕ್ಕೆ ಬಂದ, ರಕ್ಷಣೆ ಬೇಕಾದ, ಅಪರಾಧಕ್ಕೆ ತುತ್ತಾದ ಅಥವಾ ಸಾಕ್ಷಿಯಾದ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಹತ್ತಿಸುವ ಬೇರೆ ಯಾವುದೇ ವಿವರ ಹೊರಹಾಕುವುದನ್ನು ತಡೆಯುತ್ತದೆ; ಶಿಕ್ಷೆ 6 ತಿಂಗಳವರೆಗೆ ಸೆರೆ, ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಲೈಂಗಿಕ ದೌರ್ಜನ್ಯದ ಪ್ರಕರಣವಾದರೆ ಪೋಕ್ಸೊ ಕಲಂ 23 ಕುಟುಂಬ, ನೆರೆಹೊರೆಯ ವಿವರವನ್ನೂ ಸೇರಿಸುತ್ತದೆ. ಬೆನ್ನು ತಿರುಗಿಸಿ ತೆಗೆದ ಫೋಟೊದಲ್ಲೂ ಯೂನಿಫಾರ್ಮಿನ ಬಣ್ಣ, ಬ್ಯಾಗಿನ ಮೇಲಿನ ಹೆಸರು ಸಾಕಷ್ಟು ಹೇಳುತ್ತವೆ.

ನಿಮ್ಮ ಮಗನ ಕಳಕಳಿಗೆ ಬೇರೆ ದಾರಿಯಿದೆ. ಹೈಸ್ಕೂಲಿನಿಂದ ಕಾಲೇಜಿಗೆ ಹೋಗಲು ಬಸ್ ಎಷ್ಟು ಹೊತ್ತಿಗೆ ಇದೆ, ಹಾಸ್ಟೆಲಿನಲ್ಲಿ ಎಷ್ಟು ಸೀಟಿದೆ, ಹತ್ತನೆಯ ತರಗತಿ ಮುಗಿಸಿದ ಹುಡುಗಿಯರಲ್ಲಿ ಎಷ್ಟು ಜನ ಮುಂದೆ ಸೇರಿದರು ಎಂದು ವಿಚಾರಿಸಿ ಬರೆಯಲಿ. ಆ ಹುಡುಗಿಯನ್ನು ಬೊಟ್ಟು ಮಾಡದೆಯೇ ಅವಳ ಪರವಾಗಿ ಹೇಳಬೇಕಾದ್ದೆಲ್ಲ ಅದರಲ್ಲಿ ಬರುತ್ತದೆ.

ಪ್ರ: ಮಕ್ಕಳು ನಮ್ಮ ಕಡೆಯ ಆಡುಮಾತಿನಲ್ಲೇ ಬರೆಯುತ್ತಾರೆ. ಶುದ್ಧ ಕನ್ನಡಕ್ಕೆ ತಿದ್ದಬೇಕೇ?
— ಶಿಕ್ಷಕರು, ಕಲಬುರಗಿ ಜಿಲ್ಲೆ

ಉ: ಕಾಗುಣಿತ ತಿದ್ದಿ, ಮಾತನ್ನು ತಿದ್ದಬೇಡಿ. ಯಾರಾದರೂ ಆಡಿದ ಮಾತು ಉದ್ಧರಣ ಚಿಹ್ನೆಯೊಳಗೆ ಬಂದರೆ ಅದನ್ನು ಮುಟ್ಟಲೇಬಾರದು: ‘ನಳದಾಗ ನೀರ ಬಂದು ಎಂಟ ದಿನ ಆತ್ರೀ’ ಎಂದ ಅಜ್ಜಿ ‘ನಲ್ಲಿಯಲ್ಲಿ ಎಂಟು ದಿನಗಳಿಂದ ನೀರು ಬಂದಿಲ್ಲ’ ಎಂದಳೆಂದು ಬರೆದರೆ ಊರವರೇ ನಗುತ್ತಾರೆ. ಬರಹಗಾರನದೇ ಸಾಲುಗಳನ್ನು ಯಾವ ನುಡಿಯಲ್ಲಿ ಬರೆಯಬೇಕೆಂದು ತಂಡವೇ ಕೂತು ತೀರ್ಮಾನಿಸಲಿ. ದಖ್ಖನಿ, ಲಂಬಾಣಿ ಆಡುವ ಮಕ್ಕಳಿದ್ದರೆ ಕನ್ನಡ ಲಿಪಿಯಲ್ಲಿ ಅವರ ಮಾತಿಗೂ ಒಂದು ಮೂಲೆ ಇರಲಿ. ಮುಖ್ಯೋಪಾಧ್ಯಾಯರು ಒಪ್ಪದಿದ್ದರೆ ‘ಆಡುಮಾತು’ ಎಂದೇ ಅಂಕಣದ ಹೆಸರಿಟ್ಟುಬಿಡಿ, ತಕರಾರು ನಿಲ್ಲುತ್ತದೆ.

ಪ್ರ: ‘ನಮ್ಮ ವಾರ್ಡಿನಲ್ಲಿ ಮೂರು ತಿಂಗಳಿಂದ ಬೀದಿದೀಪ ಇಲ್ಲ’ ಎಂದು ಮಕ್ಕಳು ಬರೆದರು. ಸದಸ್ಯರೊಬ್ಬರು ಬಂದು ಹಾಳೆ ಹರಿದು, ‘ಎರಡು ಕಂಬದಲ್ಲಿ ಉರೀತಿದೆ, ಸುಳ್ಳು ಬರೀತೀರಾ’ ಎಂದರು. ಮಕ್ಕಳು ಹೆದರಿದ್ದಾರೆ.
— ಗ್ರಂಥಾಲಯ ಸ್ವಯಂಸೇವಕಿ, ಚಾಮರಾಜನಗರ ಜಿಲ್ಲೆ

ಉ: ಹಾಳೆ ಹರಿದದ್ದು ತಪ್ಪು. ‘ಬೀದಿದೀಪ ಇಲ್ಲ’ ಎಂದದ್ದೂ ಸಡಿಲ ಮಾತು. ಇವೆರಡನ್ನೂ ಬೇರೆ ಬೇರೆಯಾಗಿ ಬಗೆಹರಿಸಿ.

ಮುಂದಿನ ಸಂಚಿಕೆಯಲ್ಲಿ, ಅದೇ ಜಾಗದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ತಿದ್ದುಪಡಿ ಹಾಕಿ: ವಾರ್ಡಿನಲ್ಲಿರುವ ಕಂಬ ಎಷ್ಟು, ಯಾವ ದಿನ ಎಷ್ಟು ಹೊತ್ತಿಗೆ ನೋಡಿದಾಗ ಎಷ್ಟು ಉರಿಯುತ್ತಿದ್ದವು, ಪ್ರತಿ ಕಂಬದ ಸಂಖ್ಯೆ. ಕಂಬ ಎಣಿಸಲು ರಾತ್ರಿ ಹೋಗುವಾಗ ದೊಡ್ಡವರೊಬ್ಬರು ಜೊತೆಗಿರಲಿ. ಅದರ ಪಕ್ಕದಲ್ಲೇ ಆ ಸದಸ್ಯರ ಮಾತನ್ನೂ ಹಾಕಿ. ಹಾಕುವ ಮೊದಲು ಓದಿ ತೋರಿಸಿ. ಇದು ಹೆದರಿ ಮಾಡುವ ಉಪಚಾರವಲ್ಲ. ಯಾರ ಮೇಲೆ ದೂರು ಬರೆಯುತ್ತೇವೋ ಅವರ ಮಾತು ಮೊದಲ ದಿನವೇ ಕೇಳಿ ಹಾಕಬೇಕಿತ್ತು, ಅದು ತಡವಾಗಿ ಆಗುತ್ತಿದೆ ಅಷ್ಟೆ.

ಇನ್ನು ಮುಂದೆ ದೂರಿನ ಬರಹಕ್ಕೆ ಮಗುವಿನ ಹೆಸರು ಬೇಡ, ‘ಸಂಪಾದಕ ಬಳಗ’ ಎಂದಿರಲಿ, ಹೊಣೆ ಹೊರುವ ದೊಡ್ಡವರೊಬ್ಬರ ಹೆಸರು ಹಾಳೆಯ ಕೆಳಗಿರಲಿ. ಮೆಚ್ಚುಗೆಯ ಬರಹ, ಕವಿತೆ, ಚಿತ್ರಕ್ಕೆ ಮಕ್ಕಳ ಹೆಸರು ಧಾರಾಳವಾಗಿ ಹಾಕಿ. ಬೈಗುಳ ಬಂದಾಗ ಮುಂದೆ ನಿಲ್ಲುವುದು ನಿಮ್ಮ ಕೆಲಸ. ಏನು ಬರೆಯಬೇಕೆಂಬುದನ್ನು ಮಾತ್ರ ಅವರಿಗೇ ಬಿಡಿ.

ಪ್ರ: ಕೈಬರಹ ಸಾಕಾಯಿತು, ಅಚ್ಚು ಮಾಡಿಸೋಣ ಎಂದು ಫೋನಿನಲ್ಲಿ ಟೈಪ್ ಮಾಡಿ ಡಿಟಿಪಿ ಅಂಗಡಿಗೆ ಕೊಟ್ಟೆವು. ಅವರ ಕಂಪ್ಯೂಟರಿನಲ್ಲಿ ಬರೀ ಪ್ರಶ್ನೆ ಚಿಹ್ನೆ ಬಂತು. ನೋಂದಣಿ ಬೇಕೆಂದೂ ಯಾರೋ ಹೆದರಿಸಿದ್ದಾರೆ.
— ಪಿಯುಸಿ ವಿದ್ಯಾರ್ಥಿಗಳು, ಶಿರಸಿ

ಉ: ಫೋನಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್, ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ. ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಈಗಲೂ ಪುಟ ಜೋಡಿಸಲು ಹಳೆಯ ತಂತ್ರಾಂಶ ಪೇಜ್‌ಮೇಕರ್ ನಡೆಯುತ್ತಿದೆ, ಅದಕ್ಕೆ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸವೇ ಬೇಕು. ಯೂನಿಕೋಡ್‌ನಿಂದ ನುಡಿಗೆ ಬದಲಿಸುವ ಪರಿವರ್ತಕ ಉಚಿತವಾಗಿ ಸಿಗುತ್ತದೆ. ಅಂಗಡಿಯವರ ಹತ್ತಿರವೂ ಇರುತ್ತದೆ, ಕೇಳಿ. ಬದಲಿಸಿದ ಮೇಲೆ ಅರ್ಕಾವತ್ತು, ‘ರ‍್ಯಾಂಕ್’ನಂಥ ಪದ, ಉದ್ಧರಣ ಚಿಹ್ನೆ, ಇಂಗ್ಲಿಷ್ ಅಕ್ಷರದ ಪದ ಇವನ್ನು ಒಂದೊಂದಾಗಿ ನೋಡಿ. ಇಂಗ್ಲಿಷ್ ಪದ ನುಡಿ ಫಾಂಟಿನಲ್ಲಿ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕಾಣುತ್ತದೆ, ಆದ್ದರಿಂದ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಟೈಪ್ ಮಾಡುವುದು ಸುಲಭ. ಮೂಲ ಯೂನಿಕೋಡ್ ಪ್ರತಿ ನಿಮ್ಮಲ್ಲೇ ಇರಲಿ. ಇದೆಲ್ಲ ರೇಜಿಗೆ ಎನಿಸಿದರೆ ಲಿಬ್ರೆ ಆಫೀಸ್‌ನಲ್ಲಿ ಯೂನಿಕೋಡ್‌ನಲ್ಲೇ ಪುಟ ಕಟ್ಟಿ ಪಿಡಿಎಫ್ ಮಾಡಿಕೊಂಡು ಹೋಗಿ. ಪಿಡಿಎಫ್‌ಗೆ ಫಾಂಟಿನ ಗೊಡವೆ ಇಲ್ಲ.

ಎ3 ಹಾಳೆಯ ಎರಡೂ ಬದಿ ಮಾಡಿಸಿ ನಡುವೆ ಮಡಿಸಿದರೆ ಎ4 ಅಳತೆಯ ನಾಲ್ಕು ಪುಟ. ಅಕ್ಷರ 12 ಪಾಯಿಂಟ್, ಸಾಲಿನ ಅಂತರ 16. ಪುಟ ಜೋಡಿಸುವಾಗ ಒಂದು ಬದಿಗೆ 4 ಮತ್ತು 1, ಹಿಂಬದಿಗೆ 2 ಮತ್ತು 3 ಬರಬೇಕು. ಒಂದು ಖಾಲಿ ಹಾಳೆ ಮಡಿಸಿ ಪುಟಸಂಖ್ಯೆ ಬರೆದು ಅಂಗಡಿಯವರ ಕೈಗೆ ಕೊಟ್ಟರೆ ಗೊಂದಲವಾಗುವುದಿಲ್ಲ.

ನೋಂದಣಿ: 1867ರ ಹಳೆ ಕಾಯ್ದೆ ಹೋಗಿ, ಪತ್ರಿಕೆ ಮತ್ತು ನಿಯತಕಾಲಿಕೆಗಳ ನೋಂದಣಿಯ 2023ರ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ನಿಯತವಾಗಿ ಮುದ್ರಿಸಿ ಸಾರ್ವಜನಿಕ ಸುದ್ದಿ, ಟಿಪ್ಪಣಿ ಹಂಚುವ ಪತ್ರಿಕೆಗೆ ನೋಂದಣಿ ಬೇಕು. ಜೆರಾಕ್ಸ್ ಆ ಕಾಯ್ದೆಯ ‘ಮುದ್ರಣ’ದ ವ್ಯಾಖ್ಯೆಯಿಂದ ಹೊರಗಿದೆ. ಅಂದರೆ ಒಂದು ಮೂಲಪ್ರತಿ ತೆಗೆದು ಜೆರಾಕ್ಸ್ ಮಾಡಿಸಿ ಊರಿಗೆ ಹಂಚುವ ತನಕ ನಿಮಗೆ ಆ ತಲೆನೋವಿಲ್ಲ. ಆಫ್‌ಸೆಟ್ ಪ್ರೆಸ್ಸಿಗೆ ಹೋಗುವ ದಿನ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಶೀರ್ಷಿಕೆಗೂ ನೋಂದಣಿಗೂ ಅರ್ಜಿ ಹಾಕಿ. ಜೆರಾಕ್ಸ್‌ಗೆ ಫೋಟೊಗಿಂತ ಕಪ್ಪು ಗೆರೆಯ ಚಿತ್ರ ಚೆನ್ನಾಗಿ ಬರುತ್ತದೆ. ಫೋಟೊ ಹಾಕಲೇಬೇಕಾದರೆ ಮುಖ ದೊಡ್ಡದಾಗಿ ಬರುವಂತೆ ಕತ್ತರಿಸಿ, ಬೆಳಕು ಹೆಚ್ಚಿಸಿ, ಒಂದೇ ಒಂದು ಪ್ರತಿ ತೆಗೆಸಿ ನೋಡಿ. ಮುಖ ಕಪ್ಪಾಗಿದ್ದರೆ ಇನ್ನಷ್ಟು ಬೆಳಕು ಏರಿಸಿದ ಮೇಲೆಯೇ ಉಳಿದ ಪ್ರತಿಗಳಿಗೆ ಹೇಳಿ.